ಹತ್ತು ಜನರ ಸೆಕ್ಷನ್: ಎನ್‌ಸಿಸಿಯ ರಣಪಾಠ ಮತ್ತು ಕಲ್ಯಾಣದ ನೆಲ

1948ರ ಏಪ್ರಿಲ್ 16ರಂದು ರಾಷ್ಟ್ರೀಯ ಕೆಡೆಟ್ ಕೋರ್ ಕಾಯ್ದೆಗೆ ಅಂಕಿತ ಬಿತ್ತು. ಜುಲೈನಲ್ಲಿ ಎನ್‌ಸಿಸಿ ಅಸ್ತಿತ್ವಕ್ಕೆ ಬಂತು. ನವೆಂಬರಿನ ನಾಲ್ಕನೆಯ ಭಾನುವಾರ ದೆಹಲಿಯಲ್ಲಿ ಅದರ ಮೊದಲ ಘಟಕಗಳು ಸಾಲುಗಟ್ಟಿ ನಿಂತವು. ಇಂದಿಗೂ ಎನ್‌ಸಿಸಿ ದಿನಾಚರಣೆ ಅದೇ ನಾಲ್ಕನೆಯ ಭಾನುವಾರ.

ಆ ಏಳು ತಿಂಗಳಲ್ಲಿ ಕಲ್ಯಾಣದ ನೆಲ ಮಾತ್ರ ಬೇರೆಯೇ ಪಾಠ ಕಲಿಯುತ್ತಿತ್ತು. ಬೀದರ್ ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ದೆಹಲಿಯ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಮೇ 9ರಂದು ಇಂದಿನ ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದ ಮೇಲೆ ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರು ಎರಗಿದರು. ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಈ ಭಾಗದ ಜನ ನೆನೆಯುತ್ತಾರೆ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಳ್ಳಲು ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹಿಡಿದು ಭಾರತೀಯ ಸೇನೆ ಮುನ್ನಡೆಯಿತು. ನಳದುರ್ಗ, ಉಮರಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್ ಎಲ್ಲವೂ ಆ ದಾರಿಯ ಮೇಲಿನ ಊರುಗಳು. ಮೋರಖಂಡಿಯಂಥ ಹಳ್ಳಿಗಳು ಇರುವುದು ಆ ದಾರಿಯ ಆಸುಪಾಸಿನ ಬಯಲಿನಲ್ಲಿ.

ಎನ್‌ಸಿಸಿಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗಣರಾಜ್ಯೋತ್ಸವದ ಪರೇಡ್, ಪದಕ, ಪ್ರಮಾಣಪತ್ರಗಳ ಲೆಕ್ಕ ಕೊಡುತ್ತಾರೆ. ಅವು ದಾಖಲಾಗಬೇಕಾದ ಸಂಗತಿಗಳೇ. ಆದರೆ ಈ ಸಂಸ್ಥೆ ಹಳ್ಳಿ, ಪಟ್ಟಣಗಳ ಮಕ್ಕಳಿಗೆ ಕೊಟ್ಟ ಬಹು ದೊಡ್ಡ ವಿದ್ಯೆ ಪರೇಡ್ ಮೈದಾನದ ಹೊರಗಿದೆ. ನೆಲವನ್ನು ಓದುವುದು, ದೂರ ಅಳೆಯುವುದು, ಒಂಬತ್ತು ಜನರ ಜೀವ ತನ್ನ ಮಾತಿನ ಮೇಲೆ ನಿಂತಿದೆ ಎಂದು ತಿಳಿದು ನಿರ್ಧಾರ ಮಾಡುವುದು ಆ ವಿದ್ಯೆ. ಸೇನೆ ಅದನ್ನು ಸೆಕ್ಷನ್ ಮಟ್ಟದ ಕಾಲ್ದಳ ತರಬೇತಿ ಎನ್ನುತ್ತದೆ. ಅದು ಎಲ್ಲಿಂದ ಬಂತು, ಈ ನೆಲಕ್ಕೂ ಅದಕ್ಕೂ ಇರುವ ನಂಟೇನು ಎಂಬುದನ್ನು ಈ ಸಂಚಿಕೆಯಲ್ಲಿ ದಾಖಲಿಸಬೇಕಾಗಿದೆ.

ಹೆದ್ದಾರಿ ಕಲಿಸಿದ್ದು

ಪೊಲೀಸ್ ಕಾರ್ಯಾಚರಣೆ ಎಂಬ ಹೆಸರಿದ್ದರೂ ನಡೆದದ್ದು ಸೇನಾ ಕಾರ್ಯಾಚರಣೆ. ಸೊಲ್ಲಾಪುರದ ಕಡೆಯಿಂದ ಬಂದ ಪಡೆಗಳ ನಾಯಕತ್ವ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರದು. ಮೊದಲ ದಿನ ನಳದುರ್ಗದ ಬಳಿ ಬೋರಿ ನದಿಯ ಸೇತುವೆ ಒಡೆಯದಂತೆ ಕೈವಶವಾಯಿತು. ಸಿಖ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ ಅಲ್ಲಿನ ಹೈದರಾಬಾದ್ ಪಡೆಯ ನೆಲೆಗಳ ಮೇಲೆ ದಾಳಿ ಮಾಡಿತು. ಸೇತುವೆ ಉಳಿದದ್ದರಿಂದ ಯಂತ್ರ ಸಜ್ಜಿತ ತುಕಡಿಗಳು ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಉಮರಗಾ ಮುಟ್ಟಿದವು.

ಎರಡನೇ ದಿನ ರಾಜೇಶ್ವರದ ಸರದಿ. ಉಮರಗಾದಿಂದ ರಾಜೇಶ್ವರದವರೆಗಿನ ದಾರಿಯಲ್ಲಿ ಹೊಂಚು ಹಾಕಿದ ನೆಲೆಗಳು ಚೆನ್ನಾಗಿ ಅಗೆದು ಸಿದ್ಧವಾಗಿವೆ ಎಂದು ವಿಮಾನದ ಸಮೀಕ್ಷೆ ತಿಳಿಸಿತ್ತು. ಟೆಂಪೆಸ್ಟ್ ವಿಮಾನಗಳು ಆ ನೆಲೆಗಳ ಮೇಲೆ ದಾಳಿ ಮಾಡಿದ ನಂತರ ಭೂಪಡೆ ಮುಂದೆ ಸರಿದು ಮಧ್ಯಾಹ್ನದ ವೇಳೆಗೆ ರಾಜೇಶ್ವರವನ್ನು ಹಿಡಿಯಿತು. ಸೆಪ್ಟೆಂಬರ್ 16ರಂದು ಲೆಫ್ಟಿನೆಂಟ್ ಕರ್ನಲ್ ರಾಮ್ ಸಿಂಗ್ ಅವರ ತುಕಡಿ ಜಹೀರಾಬಾದ್ ಕಡೆಗೆ ಹೊರಟಿತು. ನೆಲದಲ್ಲಿ ಹುದುಗಿಸಿದ್ದ ಮೈನುಗಳು ಅದರ ನಡೆಯನ್ನು ತಡೆದವು. ಬೀದರ್ ರಸ್ತೆ ಹೆದ್ದಾರಿಯನ್ನು ಕೂಡುವ ಜಾಗದಲ್ಲಿ ಮರೆಯಿಂದ ಗುಂಡು ಬಂತು.

ಆಗ ತೆಗೆದುಕೊಂಡ ನಿರ್ಧಾರ ಇಂದಿಗೂ ಪಾಠವಾಗಿದೆ. ಇಡೀ ಪಡೆ ಅಲ್ಲೇ ನಿಂತು ಕಾದಾಡಲಿಲ್ಲ. ಹೊಂಚುಗಾರರನ್ನು ತಡೆದು ಹಿಡಿಯಲು ಕೆಲವು ತುಕಡಿಗಳನ್ನು ಅಲ್ಲಿ ಬಿಟ್ಟು ಉಳಿದವರು ಮುಂದುವರಿದರು. ಸಂಜೆಯ ಹೊತ್ತಿಗೆ ಜಹೀರಾಬಾದನ್ನೂ ದಾಟಿದ್ದರು. ಮಾರನೆಯ ಬೆಳಗಿನ ಜಾವ ಬೀದರಿಗೆ ಸೇನೆ ಕಾಲಿಟ್ಟಿತು. 17ರ ಸಂಜೆ ಐದು ಗಂಟೆಗೆ ಕದನ ವಿರಾಮ. 18ರಂದು ಹೈದರಾಬಾದ್ ಸೇನೆಯ ಮೇಜರ್ ಜನರಲ್ ಎಲ್ ಎದ್ರೂಸ್ ಅವರು ಚೌಧುರಿ ಅವರ ಮುಂದೆ ಶರಣಾದರು.

ಒಂದು ಭಾಗ ಶತ್ರುವನ್ನು ತಲೆ ಎತ್ತದಂತೆ ಹಿಡಿದಿಡಬೇಕು, ಇನ್ನೊಂದು ಭಾಗ ಚಲಿಸಬೇಕು. ಬ್ರಿಗೇಡಿಗೂ ಇದೇ ಸೂತ್ರ, ಹತ್ತು ಜನರ ಸೆಕ್ಷನ್ನಿಗೂ ಇದೇ ಸೂತ್ರ. ಕಾಲ್ದಳದ ವಿದ್ಯೆಯ ಬೇರು ಇರುವುದು ಇಲ್ಲಿ.

ಇದೇ ದಿನಗಳ ಇನ್ನೊಂದು ಮುಖವನ್ನೂ ಮರೆಯಲಾಗದು. ಸಂಸ್ಥಾನದ ಗಡಿಯಾಚೆ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ ನಡೆದವು. ಓದು ಬಿಟ್ಟು ಬಂದ ತರುಣರು ಅಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಸಂಘಟಿತರಾಗಿ ರಜಾಕಾರರನ್ನು ಎದುರಿಸಿದರು. ಅವರಿಗೆ ಕಾಯ್ದೆಯ ಬೆಂಬಲ ಇರಲಿಲ್ಲ, ಸಮವಸ್ತ್ರ ಇರಲಿಲ್ಲ, ವರ್ಷಗಟ್ಟಲೆ ಕಲಿಸುವ ಗುರುಗಳೂ ಇರಲಿಲ್ಲ. ಗೋರಟಾದ ಜನರಿಗೆ ಅಷ್ಟೂ ಇರಲಿಲ್ಲ. ಶಿಸ್ತಿನ ತರಬೇತಿ, ಕಾನೂನಿಗೆ ಬದ್ಧವಾದ ಆಯುಧ, ಸರ್ಕಾರಕ್ಕೆ ಉತ್ತರ ಕೊಡಬೇಕಾದ ನಾಯಕತ್ವ ಇವು ಮೂರೂ ಒಟ್ಟಿಗಿರಬೇಕೆಂಬುದನ್ನು ಈ ಜಿಲ್ಲೆ ನೋವುಂಡು ಅರಿತಿದೆ.

ಬ್ಯಾಟಲ್ ಡ್ರಿಲ್ ಹುಟ್ಟಿದ ಬಗೆ

ಹತ್ತು ಜನರ ಗುಂಪಿಗೆ ಸ್ವಂತ ಬುದ್ಧಿಯಿಂದ ಹೋರಾಡುವ ಅವಕಾಶ ಕೊಡಬೇಕೆಂಬ ವಿಚಾರ ಹಳೆಯದೇನಲ್ಲ. ಹತ್ತೊಂಬತ್ತನೆಯ ಶತಮಾನದ ಸೇನೆಗಳಲ್ಲಿ ಸೈನಿಕರು ಸಾಲಿನಲ್ಲಿ ನಿಲ್ಲುತ್ತಿದ್ದರು, ಅಧಿಕಾರಿಯ ಅಪ್ಪಣೆಗೆ ಗುಂಡು ಹಾರಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಮೆಷಿನ್ ಗನ್ ಆ ಸಾಲುಗಳನ್ನು ಅಳಿಸಿಹಾಕಿತು. 1917ರಲ್ಲಿ ಬ್ರಿಟಿಷ್ ಸೇನೆ ಪ್ಲಟೂನುಗಳಿಗಾಗಿ ಹೊಸ ಕೈಪಿಡಿ ಹೊರಡಿಸಿ, ಲೂಯಿಸ್ ಗನ್, ಕೈಬಾಂಬು, ರೈಫಲ್ ಹಾಗೂ ರೈಫಲ್ ಗ್ರೆನೇಡುಗಳ ಕೆಲಸವನ್ನು ಸಣ್ಣ ಗುಂಪುಗಳಿಗೆ ಹಂಚಿತು. ಮುಂದೆ ಬ್ರೆನ್ ಎಂಬ ಹಗುರ ಮೆಷಿನ್ ಗನ್ ಬಂದ ಮೇಲೆ ಪ್ರತಿ ಸೆಕ್ಷನ್ನಿನಲ್ಲೂ ಎರಡು ಪಂಗಡಗಳಾದವು: ಒಂದು ಗುಂಡು ಸುರಿಸಲು, ಇನ್ನೊಂದು ಮುನ್ನುಗ್ಗಲು.

1940ರಲ್ಲಿ ಫ್ರಾನ್ಸಿನಿಂದ ಹಿಮ್ಮೆಟ್ಟಿದ ಬ್ರಿಟಿಷ್ ಸೇನೆ ತನ್ನ ಸೋಲನ್ನು ಪರಿಶೀಲಿಸಿತು. ಗುಂಡಿನ ಸದ್ದು ಕೇಳಿದಾಗ ಸೈನಿಕ ಗಾಬರಿಯಲ್ಲಿ ಯೋಚಿಸಲಾರ. ಮೊದಲ ಕೆಲವು ಹೆಜ್ಜೆಗಳನ್ನು ಕೈಕಾಲುಗಳೇ ಇಡುವಂತಿರಬೇಕು ಎಂದು ಕೆಲವು ಅಧಿಕಾರಿಗಳು ವಾದಿಸಿದರು. ಅವರಲ್ಲಿ ಮುಖ್ಯರು ಲಯನಲ್ ವಿಗ್ರಮ್. 1941ರಲ್ಲಿ ಅವರ ಡಿವಿಷನ್ ತೆರೆದ ಶಾಲೆಯಲ್ಲಿ ಬ್ಯಾಟಲ್ ಡ್ರಿಲ್ ರೂಪುಗೊಂಡಿತು. ಬಾಗಿಲು ಎಲ್ಲಿದೆಯೆಂದು ಗೊತ್ತಿರುವ ಮನೆಯಲ್ಲಿ ಕತ್ತಲಾದರೂ ಕಾಲು ತಾನೇ ದಾರಿ ಹಿಡಿಯುವಂತೆ, ಗುಂಡು ಬಿದ್ದ ಕ್ಷಣದಲ್ಲಿ ಪ್ರತಿಯೊಬ್ಬನಿಗೂ ತನ್ನ ಜಾಗ ಗೊತ್ತಿರಬೇಕು ಎಂಬುದು ಅದರ ತಿರುಳು.

ಭಾರತೀಯ ಸೇನೆಗೆ ಆ ಪಾಠ ಬರ್ಮಾದ ಕಾಡಿನಲ್ಲಿ ತಲುಪಿತು. 1942ರ ಸೋಲಿನ ನಂತರ, 1943ರಲ್ಲಿ ಎರಡು ಡಿವಿಷನ್ನುಗಳನ್ನು ಕೇವಲ ಕಾಡುಯುದ್ಧದ ತರಬೇತಿಗೆ ಮೀಸಲಿಟ್ಟರು. ಒಂದರ ನೆಲೆ ಛಿಂದ್ವಾಡಾ, ಇನ್ನೊಂದರದು ಸಹಾರನ್‌ಪುರ. ಹೊಸ ಸೈನಿಕ ಅಲ್ಲಿ ಕಾಡಿನಲ್ಲಿ ಮಲಗಿ, ಗಸ್ತು ತಿರುಗಿ, ಕತ್ತಲಲ್ಲಿ ನಡೆದು ಕಲಿಯಬೇಕಾಗಿತ್ತು. 1945ರ ಆರಂಭದಲ್ಲಿ ಅರಾಕಾನ್ ತೀರದ ಕಾಂಗಾವ್ ಕದನದಲ್ಲಿ ಕೊಡಗಿನ ಕೆ.ಎಸ್. ತಿಮ್ಮಯ್ಯ ಹೈದರಾಬಾದ್ ರೆಜಿಮೆಂಟಿನ ಎಂಟನೇ ಬೆಟಾಲಿಯನ್ನನ್ನು ಮುನ್ನಡೆಸಿದರು. ಆ ರೆಜಿಮೆಂಟಿನ ಹೆಸರು ನಿಜಾಮರ ಕಾಲದ ಹೈದರಾಬಾದ್ ಕಂಟಿಂಜೆಂಟಿನಿಂದ ಬಂದದ್ದು. 1945ರಲ್ಲಿಯೇ ಅದು ಕುಮಾಊಂ ರೆಜಿಮೆಂಟ್ ಆಯಿತು. ಮುಂದೆ 1957ರಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು.

ಸಂಸ್ಥೆ ಬೆಳೆದ ದಾರಿ

ವಿದ್ಯಾರ್ಥಿಗಳಿಗೆ ಸೇನಾ ಶಿಕ್ಷಣ ಕೊಡುವ ಯೋಚನೆ ಸ್ವಾತಂತ್ರ್ಯಕ್ಕಿಂತ ಹಳೆಯದು. ವಿಶ್ವವಿದ್ಯಾಲಯಗಳಲ್ಲಿ 1920ರ ನಂತರ ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಇತ್ತು. ಆದರೆ ಅದು ಕೆಲವೇ ಕಾಲೇಜುಗಳಿಗೆ, ನಗರದ ಅನುಕೂಲಸ್ಥ ಮನೆಗಳ ಹುಡುಗರಿಗೆ ಸೀಮಿತವಾಗಿತ್ತು. 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿ ಶಾಲೆ, ಕಾಲೇಜುಗಳೆರಡಕ್ಕೂ ವ್ಯಾಪಿಸುವ ರಾಷ್ಟ್ರಮಟ್ಟದ ಸಂಸ್ಥೆ ಬೇಕೆಂದು ಶಿಫಾರಸು ಮಾಡಿತು. ಅದರ ಫಲವೇ 1948ರ ಕಾಯ್ದೆ. ಮೊದಲ ನಿರ್ದೇಶಕರಾಗಿ ಬಂದವರು ಕರ್ನಲ್ ಗೋಪಾಲ ಗುರುನಾಥ ಬೇವೂರು. 1973ರಲ್ಲಿ ಅವರೇ ಭೂಸೇನೆಯ ಮುಖ್ಯಸ್ಥರ ಸ್ಥಾನಕ್ಕೇರಿದರು.

1949ರ ಜುಲೈನಲ್ಲಿ ಬಾಲಕಿಯರ ವಿಭಾಗ ಆರಂಭವಾಯಿತು. 1950ರಲ್ಲಿ ವಾಯುವಿಭಾಗ, 1952ರಲ್ಲಿ ನೌಕಾವಿಭಾಗ ಸೇರಿದವು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ್, ಹುಮನಾಬಾದ್, ಭಾಲ್ಕಿ ಮೊದಲಾದ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಎಂಟು ವರ್ಷಗಳ ಹಿಂದೆ ಸೇನೆಯ ಲಾರಿಗಳನ್ನು ಬೆರಗಿನಿಂದ ನೋಡಿದ್ದ ಮಕ್ಕಳು ಆ ಹೊತ್ತಿಗೆ ಹೈಸ್ಕೂಲು, ಕಾಲೇಜಿನ ವಯಸ್ಸಿಗೆ ಬಂದಿದ್ದರು.

1962ರ ಚೀನಾ ಯುದ್ಧ ಸಂಸ್ಥೆಯ ಗತಿಯನ್ನೇ ಬದಲಿಸಿತು. 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು. ಸಂಖ್ಯೆ ಏಕಾಏಕಿ ಏರಿತು. ಕಲಿಸುವವರು, ರೈಫಲ್ಲುಗಳು, ಫೈರಿಂಗ್ ರೇಂಜುಗಳು ಆ ವೇಗದಲ್ಲಿ ಹೆಚ್ಚುವುದು ಸಾಧ್ಯವಿರಲಿಲ್ಲ. 1968ರಲ್ಲಿ ಎನ್‌ಸಿಸಿ ಮತ್ತೆ ಐಚ್ಛಿಕವಾಯಿತು, ಮರುವರ್ಷ ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿತು. ಸ್ವಇಚ್ಛೆಯಿಂದ ಬಂದವರಿಗೆ ಮಾತ್ರ ಕಲಿಸುವುದು ಸಾಧ್ಯವಾದದ್ದು ಸೆಕ್ಷನ್ ಪಾಠಕ್ಕೆ ಒಳ್ಳೆಯದೇ ಆಯಿತು. ಸಾವಿರ ಜನರನ್ನು ಒಂದೇ ಮೈದಾನದಲ್ಲಿ ಕವಾಯತು ಮಾಡಿಸಬಹುದು. ಹೊಲದಲ್ಲಿ ಹತ್ತು ಜನರ ತಂಡ ಕಟ್ಟುವಾಗ ಪ್ರತಿ ಹುಡುಗನ ತಪ್ಪನ್ನೂ ಒಬ್ಬ ಉಸ್ತಾದ್ ಕಣ್ಣಾರೆ ನೋಡಿ ತಿದ್ದಬೇಕಾಗುತ್ತದೆ.

1965 ಮತ್ತು 1971ರ ಯುದ್ಧಗಳಲ್ಲಿ ಕೆಡೆಟ್‌ಗಳು ಎರಡನೇ ಸಾಲಿನ ರಕ್ಷಣೆಯಾಗಿ ದುಡಿದರು. ಆಯುಧ ಕಾರ್ಖಾನೆಗಳಿಗೆ ನೆರವಾದರು, ಮುಂಚೂಣಿಗೆ ಸಾಮಾನು ಸಾಗಿಸುವ ಕೆಲಸಕ್ಕೆ ಕೈಜೋಡಿಸಿದರು.

ಮೋರಖಂಡಿಯ ಹೊಲವನ್ನು ಓದುವುದು

ಕೆಡೆಟ್ ಕಲಿಯುವ ಸೆಕ್ಷನ್ನಿನಲ್ಲಿ ಹತ್ತು ಜನ. ಸೆಕ್ಷನ್ ಕಮಾಂಡರ್ ಮತ್ತು ಆರು ಮಂದಿ ರೈಫಲ್ ಗುಂಪು. ಅವರಲ್ಲಿ ಇಬ್ಬರು ಮುಂದೆ ನಡೆಯುವ ಸ್ಕೌಟ್‌ಗಳು. ಉಪಕಮಾಂಡರ್ ಮತ್ತು ಇಬ್ಬರು ಗನ್ನರ್‌ಗಳು ಎಲ್‌ಎಂಜಿ (ಹಗುರ ಮೆಷಿನ್ ಗನ್) ಗುಂಪು. ಇಂಥ ಮೂರು ಸೆಕ್ಷನ್ ಸೇರಿದರೆ ಪ್ಲಟೂನ್. ಇದನ್ನು ತರಗತಿಯ ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಹೇಳಿಬಿಡಬಹುದು. ಅರ್ಥವಾಗುವುದು ಮಾತ್ರ ಹೊಲಕ್ಕೆ ಇಳಿದಾಗ.

ಮೋರಖಂಡಿಯ ಆಸುಪಾಸಿನ ಎರೆಭೂಮಿ ಆ ಪಾಠಕ್ಕೆ ಹೇಳಿಮಾಡಿಸಿದ ನೆಲ. ದೂರದಿಂದ ನೋಡಿದರೆ ಸಮತಟ್ಟು. ನಡೆದು ನೋಡಿದರೆ ನಾಲೆ, ಹಳ್ಳದ ಕೊರಕಲು, ಒಡ್ಡು, ತಗ್ಗು. ಎರಡು ನೂರು ಮೀಟರ್ ಆಚೆ ನಿಂತವನಿಗೆ ಒಂದು ಸೆಕ್ಷನ್ ಪೂರ್ತಿ ಕಾಣದಂತೆ ನುಂಗಬಲ್ಲ ತಗ್ಗುಗಳು ಇಂಥ ನೆಲದಲ್ಲಿರುತ್ತವೆ. ಗುಂಡು, ನೋಟ ಎರಡೂ ತಲುಪದ ಅಂಥ ಜಾಗವನ್ನು ಗುರುತಿಸುವುದು ನೆಲ ಓದುವ ಮೊದಲ ಮೆಟ್ಟಿಲು.

ಎರಡನೆಯದು ಮರೆ. ಡಿಸೆಂಬರಿನಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ. ಅದರೊಳಗೆ ಕುಳಿತವನು ಕಣ್ಣಿಗೆ ಬೀಳುವುದಿಲ್ಲ. ಆದರೆ ತೊಗರಿ ಗಿಡ ಗುಂಡನ್ನು ತಡೆಯುವುದಿಲ್ಲ. ಜೋಳದ ಕಣಿಕೆಯ ಬಣವೆಯೂ ಹಾಗೆಯೇ. ಹೊಲದ ಮಣ್ಣಿನ ಒಡ್ಡು, ಬಾವಿಯ ಕಲ್ಲುಕಟ್ಟು, ಹಳ್ಳದ ದಂಡೆ ಇವು ಗುಂಡನ್ನೂ ತಡೆಯುತ್ತವೆ. ಕಣ್ಣು ತಪ್ಪಿಸುವ ಮರೆ ಬೇರೆ, ಜೀವ ಉಳಿಸುವ ಮರೆ ಬೇರೆ ಎಂಬುದನ್ನು ರೈತರ ಮನೆಯ ಹುಡುಗ ಒಮ್ಮೆ ಕೇಳಿದರೆ ಸಾಕು, ಬಾಲ್ಯದಿಂದ ಕಂಡ ಹೊಲವನ್ನೇ ಬೇರೆ ಕಣ್ಣಿನಿಂದ ನೋಡತೊಡಗುತ್ತಾನೆ.

ವಸ್ತು ಏಕೆ ಕಣ್ಣಿಗೆ ಬೀಳುತ್ತದೆ? ಎನ್‌ಸಿಸಿ ಪಾಠ ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಕಲಿಸುತ್ತದೆ: ಆಕಾರ, ನೆರಳು, ಆಕಾಶದ ಎದುರು ಮೂಡುವ ಹೊರರೇಖೆ, ಮೇಲ್ಮೈಯ ಹೊಳಪು, ಒಂದೇ ಸಮನಾದ ಅಂತರ, ಚಲನೆ. ಕೆಡೆಟ್ ಒಡ್ಡಿನ ಮೇಲೆ ತಲೆ ಎತ್ತಿ ನೋಡದೆ ಅದರ ಪಕ್ಕದಿಂದ ಇಣುಕುವುದು ಈ ಕಾರಣಕ್ಕೆ. ಒಬ್ಬರ ಹಿಂದೆ ಒಬ್ಬರು ಸಮ ಅಂತರದಲ್ಲಿ ನಡೆದರೆ ಪ್ರಕೃತಿಯಲ್ಲಿ ಇಲ್ಲದ ಆ ಅಚ್ಚುಕಟ್ಟುತನವೇ ಅವರನ್ನು ಹಿಡಿದುಕೊಡುತ್ತದೆ.

ಈ ವಿದ್ಯೆಯ ಹಳೆಯ ಸಾಕ್ಷಿ ಬಸವಕಲ್ಯಾಣದಲ್ಲೇ ಇದೆ. ಕೋಟೆಯನ್ನು ಎತ್ತರದ ಬೆಟ್ಟದ ತುದಿಗೆ ಕಟ್ಟಿ ಮೆರೆಸಲಿಲ್ಲ. ಬಂಡೆಗಳು ಚದುರಿದ ಸಣ್ಣ ದಿನ್ನೆಗಳ ಮರೆಯಲ್ಲಿ, ದೂರದಿಂದ ಸುಲಭವಾಗಿ ಕಾಣದಂತೆ ಕಟ್ಟಿದರು. ಹತ್ತಿರ ಬಂದವನಿಗೆ ಎದುರಾಗುವುದು ಆಳವಾದ ಕಂದಕ ಮತ್ತು ಒಂದರ ಹಿಂದೆ ಒಂದು ಬಾಗಿಲುಗಳು. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸೈನ್ಯ, ದುರ್ಗಗಳ ವಿಚಾರವಿದೆ, ಶಸ್ತ್ರಾಭ್ಯಾಸದ ಪ್ರದರ್ಶನಕ್ಕೆ ಪ್ರತ್ಯೇಕ ಅಧ್ಯಾಯವೂ ಇದೆ. ಕೋಟೆಗೆ ಪ್ರವಾಸ ಹೋಗುವ ಕೆಡೆಟ್‌ಗಳಿಗೆ ಅರಸರ ಹೆಸರಿನ ಜೊತೆಗೆ ಆ ದಿನ್ನೆಗಳನ್ನೂ ತೋರಿಸಬೇಕು.

ದೂರ, ಸನ್ನೆ, ಅಪ್ಪಣೆ

ದೂರ ಅಳೆಯುವ ಪಾಠ ಮೇಲ್ನೋಟಕ್ಕೆ ಆಟದಂತೆ ಕಾಣುತ್ತದೆ. ಅದರಲ್ಲಿ ಸೋತರೆ ಗುಂಡು ನೆಲಕ್ಕೆ ಬೀಳುತ್ತದೆ ಅಥವಾ ತಲೆಯ ಮೇಲೆ ಹಾರಿಹೋಗುತ್ತದೆ. ಕೆಡೆಟ್ ಮೊದಲು ನೂರು ಗಜ ಅಥವಾ ಮೀಟರಿನ ಅಳತೆಯನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳುತ್ತಾನೆ, ಆ ಅಳತೆ ಎಷ್ಟು ಬಾರಿ ಹಿಡಿಸುತ್ತದೆಂದು ನೆಲದ ಮೇಲೆ ಇಟ್ಟು ನೋಡುತ್ತಾನೆ. ನಡುವಿನ ನೆಲವೆಲ್ಲ ಕಾಣುತ್ತಿದ್ದರೆ ಸುಮಾರು ನಾನೂರರವರೆಗೆ ಈ ರೀತಿ ನಂಬಬಹುದು. ಅದಕ್ಕಿಂತ ದೂರವಾದರೆ ಬೇರೆ ದಾರಿಗಳಿವೆ. ಗುರಿಯ ಅರ್ಧ ದೂರವನ್ನು ಅಂದಾಜಿಸಿ ಇಮ್ಮಡಿಗೊಳಿಸುವುದು ಒಂದು. ಇದಕ್ಕಿಂತ ಕಡಿಮೆಯಿಲ್ಲ, ಅದಕ್ಕಿಂತ ಹೆಚ್ಚಿಲ್ಲ ಎಂದು ಎರಡು ಎಲ್ಲೆ ಹಾಕಿ ನಡುವಿನದನ್ನು ಹಿಡಿಯುವುದು ಇನ್ನೊಂದು. ಮೂರನೆಯದು ಸೆಕ್ಷನ್ನಿನ ಎಲ್ಲರ ಅಂದಾಜು ಕೇಳಿ ಸರಾಸರಿ ತೆಗೆಯುವುದು. ಈ ಕೊನೆಯ ರೀತಿಯಲ್ಲಿ ಹಿಂದಿನ ಬೆಂಚಿನ ಮೌನಿಯ ಮಾತಿಗೂ ಕಮಾಂಡರನ ಮಾತಿನಷ್ಟೇ ತೂಕವಿರುತ್ತದೆ.

ಕಣ್ಣು ಮೋಸ ಹೋಗುವ ಸಂದರ್ಭಗಳನ್ನೂ ಕಲಿಸುತ್ತಾರೆ. ಬೆಳಕು ಸ್ವಚ್ಛವಾಗಿದ್ದರೆ, ನಡುವೆ ಕಾಣದ ತಗ್ಗು ಇದ್ದರೆ ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಮಬ್ಬು ಕವಿದಾಗ, ಇಕ್ಕಟ್ಟಾದ ದಾರಿಯ ತುದಿಯಲ್ಲಿದ್ದಾಗ, ಮಲಗಿ ನೋಡಿದಾಗ ದೂರ ಕಾಣುತ್ತದೆ. ರಾಷ್ಟ್ರಮಟ್ಟದ ಥಲ್ ಸೈನಿಕ್ ಕ್ಯಾಂಪಿನಲ್ಲಿ ಅಡೆತಡೆ ಓಟ, ನಕ್ಷೆ ಓದುವಿಕೆ, ಫೈರಿಂಗ್‌ಗಳ ಜೊತೆಗೆ ದೂರ ಅಳೆಯುವುದೂ ಕೈಸನ್ನೆಯೂ ಸ್ಪರ್ಧೆಯ ವಿಷಯಗಳು. ಆ ಶಿಬಿರಕ್ಕೆ ಆಯ್ಕೆಯಾಗಲು ದುಬಾರಿ ಸಲಕರಣೆ ಬೇಕಾಗಿಲ್ಲ; ಊರಾಚೆಯ ಬಯಲು ಮತ್ತು ನಿತ್ಯದ ಅಭ್ಯಾಸ ಇದ್ದರೆ ಹಳ್ಳಿಯ ಕಾಲೇಜಿನ ಕೆಡೆಟ್ ಬೆಂಗಳೂರಿನವರ ಸರಿಸಮ ನಿಲ್ಲಬಹುದು.

ಹೊಲದಲ್ಲಿ ಮಾತು ಕಡಿಮೆ. ತೋಳನ್ನು ತಲೆಯ ಮೇಲೆ ನೇರ ಎತ್ತಿದರೆ ಎಲ್ಲರೂ ನಿಲ್ಲಬೇಕು. ಹರಡಿಕೊಳ್ಳುವುದಕ್ಕೆ, ಮಲಗುವುದಕ್ಕೆ, ಹಿಂದಿರುಗುವುದಕ್ಕೆ ಬೇರೆ ಬೇರೆ ಸನ್ನೆಗಳಿವೆ. ನೆಲ ಬದಲಾದಂತೆ ಸೆಕ್ಷನ್ನಿನ ರಚನೆಯೂ ಬದಲಾಗುತ್ತದೆ. ಕಬ್ಬಿನ ಗದ್ದೆಯ ನಡುವಿನ ಕಾಲುದಾರಿಯಲ್ಲಿ ಒಂದೇ ಸಾಲು, ತೆರೆದ ಬಯಲಿನಲ್ಲಿ ಬಾಣದ ತುದಿ ಅಥವಾ ವಜ್ರಾಕೃತಿ, ಅಂತಿಮವಾಗಿ ಮುನ್ನುಗ್ಗುವಾಗ ಅಡ್ಡಸಾಲು. ಯಾವ ರಚನೆಯೂ ಎಲ್ಲ ಕಡೆಗೂ ಸಲ್ಲದು. ಒಂದೇ ಸಾಲನ್ನು ಕತ್ತಲಲ್ಲಿ ನಡೆಸುವುದು ಸುಲಭ, ಆದರೆ ಎದುರಿನಿಂದ ಗುಂಡು ಬಂದರೆ ಮುಂದಿನವನ ಹೊರತು ಯಾರೂ ತಿರುಗಿ ಹೊಡೆಯಲಾರರು.

ಗುಂಡು ಹಾರಿಸುವ ಅಪ್ಪಣೆಗೆ ನಾಲ್ಕು ಭಾಗ: ಯಾರು, ಎಷ್ಟು ದೂರಕ್ಕೆ, ಯಾವ ಗುರಿಗೆ, ಯಾವ ಬಗೆಯಲ್ಲಿ. ಗುರಿ ತೋರಿಸಲು ಗಡಿಯಾರದ ಮುಳ್ಳಿನ ಪದ್ಧತಿಯಿದೆ. ಎಲ್ಲರಿಗೂ ಕಾಣುವ ಒಂಟಿ ಬೇವಿನ ಮರವನ್ನು ಗಡಿಯಾರದ ನಡುಬಿಂದು ಮಾಡಿಕೊಂಡು, ನಾಲ್ಕು ಗಂಟೆಯ ದಿಕ್ಕಿನಲ್ಲಿ ಪೊದೆ ಎಂದರೆ ಹತ್ತೂ ಜನರ ಕಣ್ಣು ಒಂದೇ ಕಡೆ ತಿರುಗುತ್ತದೆ. ಗಾಬರಿಯ ನಡುವೆಯೂ ನಾಲ್ಕು ಸಂಗತಿಗಳನ್ನು ಕ್ರಮ ತಪ್ಪದೆ, ಗಟ್ಟಿಯಾಗಿ, ನಡುನಡುವೆ ನಿಲ್ಲಿಸಿ ಹೇಳುವುದನ್ನು ಕಲಿತ ಹದಿನೆಂಟರ ಹುಡುಗಿ ಮುಂದೆ ಯಾವ ಕಚೇರಿಯಲ್ಲಿ ಕುಳಿತರೂ ಸ್ಪಷ್ಟವಾಗಿ ಮಾತಾಡುತ್ತಾಳೆ.

ಇವೆಲ್ಲವೂ ಕೂಡಿ ಆರು ಹಂತದ ಸೆಕ್ಷನ್ ಬ್ಯಾಟಲ್ ಡ್ರಿಲ್ ಆಗುತ್ತದೆ: ಸಿದ್ಧತೆ, ಗುಂಡು ಬಿದ್ದಾಗಿನ ಪ್ರತಿಕ್ರಿಯೆ, ಶತ್ರು ಎಲ್ಲಿದ್ದಾನೆಂದು ಪತ್ತೆ ಹಚ್ಚುವುದು, ಗುಂಡಿನ ಕಾಳಗದಲ್ಲಿ ಮೇಲುಗೈ ಸಾಧಿಸುವುದು, ದಾಳಿ, ಮರುಸಂಘಟನೆ. ಎಳೆಯರು ದಾಳಿಯ ಹಂತಕ್ಕೆ ಕಾತರಿಸುತ್ತಾರೆ. ಅನುಭವಿ ಉಸ್ತಾದರು ಒತ್ತಿ ಹೇಳುವುದು ಕೊನೆಯ ಹಂತವನ್ನು. ಗುರಿ ಗೆದ್ದ ಗಳಿಗೆಯಲ್ಲಿ ತಂಡ ಚದುರಿರುತ್ತದೆ, ಉಸಿರು ಕಟ್ಟಿರುತ್ತದೆ, ಎಚ್ಚರ ಸಡಿಲವಾಗಿರುತ್ತದೆ. ಎದುರಾಳಿ ತಿರುಗಿ ಬೀಳುವುದು ಆಗಲೇ. ಗಾಯಗೊಂಡವರನ್ನು ನೋಡುವುದು, ಮದ್ದುಗುಂಡು ಎಣಿಸಿ ಹಂಚುವುದು, ಕಾವಲು ನಿಲ್ಲಿಸುವುದು ಎಲ್ಲವೂ ಆ ಕೆಲವು ನಿಮಿಷಗಳಲ್ಲಿ ಮುಗಿಯಬೇಕು.

ವಿಜಯಪುರದಿಂದ ತೊಲೊಲಿಂಗ್‌ವರೆಗೆ

ಉತ್ತರ ಕರ್ನಾಟಕದ ಮಕ್ಕಳಿಗೆ ಸೇನೆಯ ಅಧಿಕಾರಿ ಹುದ್ದೆಯ ದಾರಿ ತೆರೆದ ಸಂಸ್ಥೆಗಳಲ್ಲಿ 1963ರಲ್ಲಿ ಆರಂಭವಾದ ವಿಜಯಪುರ ಸೈನಿಕ ಶಾಲೆಯ ಹೆಸರು ಮೊದಲು ಬರುತ್ತದೆ. ಬಾಲಕಿಯರಿಗಾಗಿ 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮ ವಸತಿ ಸೈನಿಕ ಶಾಲೆ ಬಂತು. ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ, ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇದೆ. ಭೂಸೇನೆಯ ಇನ್‌ಫೆಂಟ್ರಿ ಸ್ಕೂಲಿಗೆ ಸೇರಿದ, ಕಿರಿಯ ನಾಯಕರನ್ನೂ ಕಮಾಂಡೊಗಳನ್ನೂ ರೂಪಿಸುವ ವಿಭಾಗವೂ ಬೆಳಗಾವಿಯಲ್ಲಿದೆ. ಸೆಕ್ಷನ್, ಪ್ಲಟೂನ್ ನಡೆಸುವ ವಿದ್ಯೆಯನ್ನು ದೇಶದ ಎಲ್ಲೆಡೆಯ ಯೋಧರು ಕನ್ನಡ ನೆಲಕ್ಕೆ ಬಂದು ಕಲಿಯುತ್ತಾರೆ.

ಆ ವಿದ್ಯೆಯ ಕಠಿಣ ಪರೀಕ್ಷೆ 1999ರ ಜೂನ್‌ನಲ್ಲಿ ನಡೆಯಿತು. ಕಾರ್ಗಿಲ್‌ನ ದ್ರಾಸ್ ಬಳಿಯ ತೊಲೊಲಿಂಗ್ ಶಿಖರದಲ್ಲಿ ಶತ್ರು ಬಂಕರುಗಳು ಶ್ರೀನಗರ-ಲೇಹ್ ಹೆದ್ದಾರಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದವು. ಮೊದಲು 18 ಗ್ರೆನೇಡಿಯರ್ಸ್ ಬೆಟಾಲಿಯನ್ ಅಪಾರ ಬಲಿದಾನ ಮಾಡಿ ಶಿಖರದ ಮಗ್ಗುಲಲ್ಲಿ ನೆಲೆಯೂರಿತು. ನಂತರ ಮುನ್ನುಗ್ಗಿದ್ದು 2 ರಜಪುತಾನಾ ರೈಫಲ್ಸ್. ಅದರ ಕಮಾಂಡಿಂಗ್ ಆಫೀಸರ್ ಎಂ.ಬಿ. ರವೀಂದ್ರನಾಥ್, ದಾವಣಗೆರೆ ಸೀಮೆಯವರು, ವಿಜಯಪುರ ಸೈನಿಕ ಶಾಲೆಯ ಹಳೆಯ ವಿದ್ಯಾರ್ಥಿ.

ಜೂನ್ 12ರ ರಾತ್ರಿ ಫಿರಂಗಿಗಳ ಆರ್ಭಟದ ಹಿಂದೆಯೇ ಕಾಲ್ದಳ ಹತ್ತತೊಡಗಿತು. ಕೊನೆಯ ನೂರು ಮೀಟರ್‌ಗಳಲ್ಲಿ ಫಿರಂಗಿ ಸುಮ್ಮನಾಗಲೇಬೇಕು. ಇಲ್ಲವಾದರೆ ತಮ್ಮವರ ಮೇಲೇ ಗುಂಡು ಬೀಳುತ್ತದೆ. ಅಲ್ಲಿಂದ ಮುಂದಿನದು ಸೆಕ್ಷನ್ನುಗಳ ಯುದ್ಧ. ಮೇಜರ್ ವಿವೇಕ್ ಗುಪ್ತಾ ತಮ್ಮ ಕಂಪನಿಯ ಮುಂದೆ ನಿಂತು ಬಂಕರುಗಳ ಮೇಲೆ ಎರಗಿ ಪ್ರಾಣ ಕೊಟ್ಟರು. ಎಲ್‌ಎಂಜಿ ಗುಂಪಿನ ಕಮಾಂಡರ್ ನಾಯಕ್ ದಿಗೇಂದ್ರ ಕುಮಾರ್ ಅವರ ಎಡತೋಳಿಗೆ ಗುಂಡು ತಗುಲಿತು. ಅವರು ಒಂದೇ ಕೈಯಲ್ಲಿ ಗುಂಡು ಹಾರಿಸುತ್ತ ಶತ್ರುವಿನ ತಲೆ ಕೆಳಗಿರುವಂತೆ ನೋಡಿಕೊಂಡರು. ಆ ಬೆಂಬಲದಲ್ಲಿ ದಾಳಿಯ ಗುಂಪು ಮುಂದೆ ನುಗ್ಗಿತು. ಜೂನ್ 13ರ ಬೆಳಗಿನ ಹೊತ್ತಿಗೆ ತೊಲೊಲಿಂಗ್ ಕೈಸೇರಿತ್ತು. ಇಬ್ಬರಿಗೂ ಮಹಾವೀರ ಚಕ್ರ, ರವೀಂದ್ರನಾಥ್ ಅವರಿಗೆ ವೀರ ಚಕ್ರ ಸಂದವು.

ಎಲ್‌ಎಂಜಿ ಗುಂಪು ಹಿಡಿದಿಡುತ್ತದೆ, ರೈಫಲ್ ಗುಂಪು ನುಗ್ಗುತ್ತದೆ. ಕಾಲೇಜಿನ ಮೈದಾನದಲ್ಲಿ ಕೆಡೆಟ್ ಮೊದಲ ವರ್ಷದಲ್ಲಿ ಬರೆದುಕೊಳ್ಳುವ ಆ ಒಂದು ಸಾಲಿಗೆ ತೊಲೊಲಿಂಗ್‌ನ ಕಡಿದಾದ ಬಂಡೆಗಳ ಮೇಲೆ ಎಷ್ಟು ಬೆಲೆ ತೆರಬೇಕಾಯಿತೆಂಬುದನ್ನು ಪ್ರತಿ ಬ್ಯಾಚಿಗೂ ಹೇಳಬೇಕು.

ಮುಂದಿನ ಕೆಲಸ

ಇಂದು ಎನ್‌ಸಿಸಿಯಲ್ಲಿ ದೇಶದಾದ್ಯಂತ ಲಕ್ಷಾಂತರ ಕೆಡೆಟ್‌ಗಳಿದ್ದಾರೆ. ಸಿ ಪ್ರಮಾಣಪತ್ರ ಪಡೆದವರಿಗೆ ಅಧಿಕಾರಿ ಹುದ್ದೆಗೆ ವಿಶೇಷ ಪ್ರವೇಶದ ದಾರಿಯಿದೆ, ಸೈನಿಕ ಭರತಿಯಲ್ಲಿ ಹೆಚ್ಚುವರಿ ಅಂಕಗಳಿವೆ. 2022ರಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಯುವತಿಯರೂ ಸೇರುತ್ತಿದ್ದಾರೆ. ಅವರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂದಿತು. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆದಿದೆ ಎಂಬ ಸುದ್ದಿ ಪ್ರತಿ ಹೈಸ್ಕೂಲಿಗೂ ಮುಟ್ಟಬೇಕು.

ಸಂಸ್ಥೆಯ ಮುಂದೆ ಇನ್ನೊಂದು ಕೆಲಸವೂ ಇದೆ. ಜಗತ್ತಿನ ಹಲವು ಸೇನಾ ಶಾಲೆಗಳು ಕೆಡೆಟ್‌ಗಳನ್ನು ಹಳೆಯ ರಣಭೂಮಿಗೆ ಕರೆದೊಯ್ದು, ನಡೆದದ್ದನ್ನು ನೆಲದ ಮೇಲೆ ನಿಂತೇ ಚರ್ಚಿಸುತ್ತವೆ. ಈ ಭಾಗದ ಕೆಡೆಟ್‌ಗಳಿಗೆ ಅಂಥ ದಾರಿ ಮನೆಯ ಮುಂದೆಯೇ ಇದೆ. ರಾಜೇಶ್ವರದ ಪಶ್ಚಿಮಕ್ಕೆ ಹೊಂಚುನೆಲೆಗಳಿಗೆ ಅನುಕೂಲವಾದ ಎತ್ತರಗಳು ಯಾವುವು? ಮೈನು ಹುದುಗಿಸಲು ರಸ್ತೆಯ ಯಾವ ಭಾಗವನ್ನು ಆರಿಸಬಹುದಿತ್ತು? ಬೀದರ್ ರಸ್ತೆಯ ಕೂಡುದಾರಿಯಲ್ಲಿ ಗುಂಡು ಬಂದಾಗ ತಾನೇ ಸೆಕ್ಷನ್ ಕಮಾಂಡರ್ ಆಗಿದ್ದರೆ ಎಲ್‌ಎಂಜಿಯನ್ನು ಎಲ್ಲಿ ಇಡುತ್ತಿದ್ದ? ನಕ್ಷೆ, ದಿಕ್ಸೂಚಿ ಹಿಡಿದು ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಎರಡು ದಿನದ ನಡಿಗೆಯನ್ನು ಪ್ರತಿ ವರ್ಷ ಸೆಪ್ಟೆಂಬರ್ 17ರ ವಿಮೋಚನಾ ದಿನಾಚರಣೆಗೆ ಹೊಂದಿಸಿಕೊಳ್ಳಬಹುದು. ಗೋರಟಾದಲ್ಲಿ 2023ರಲ್ಲಿ ಉದ್ಘಾಟನೆಯಾದ ಹುತಾತ್ಮರ ಸ್ಮಾರಕವೂ ಆ ದಾರಿಯಲ್ಲಿ ಸೇರಬೇಕು.

1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಆ ಸೆಪ್ಟೆಂಬರಿನಲ್ಲಿ ತಮ್ಮ ಊರಿನ ಯಾವ ಹಳ್ಳದಲ್ಲಿ ಜನ ಅಡಗಿದ್ದರು, ಯಾವ ದಿಕ್ಕಿನಿಂದ ಸೇನೆ ಬಂತು ಎಂದು ಬೆರಳು ಮಾಡಿ ತೋರಿಸಬಲ್ಲವರು ಮೋರಖಂಡಿಯಿಂದ ಹುಮನಾಬಾದ್‌ವರೆಗಿನ ಊರುಗಳಲ್ಲಿ ಇನ್ನು ಕೆಲವೇ ಮಂದಿ ಉಳಿದಿರಬಹುದು. ಕೆಡೆಟ್‌ಗಳು ಈ ವರ್ಷವೇ ಹತ್ತು ಹತ್ತು ಜನರ ಸೆಕ್ಷನ್ನುಗಳಾಗಿ ಊರು ಹಂಚಿಕೊಂಡು ಅವರ ಮಾತುಗಳನ್ನು ಧ್ವನಿಮುದ್ರಿಸಬೇಕು, ಅವರು ತೋರಿಸಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಬೇಕು, ಆ ನಕ್ಷೆಯ ಒಂದೊಂದು ಪ್ರತಿಯನ್ನು ತಾಲ್ಲೂಕಿನ ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ಇಡಬೇಕು.